ಅತ್ತಿಮಬ್ಬೆಯ ಲೆಕ್ಕ ಮತ್ತು ಒಂದು ಹಾರ್ಡ್ ಡಿಸ್ಕ್

ಹತ್ತನೆಯ ಶತಮಾನದ ಕವಿ ಪೊನ್ನನ ಎರಡು ಕಾವ್ಯಗಳ ಹಣೆಬರಹವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ‘ಶಾಂತಿಪುರಾಣ’, ಇನ್ನೊಂದು ‘ಭುವನೈಕರಾಮಾಭ್ಯುದಯ’. ಬರೆದವನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ ಎನಿಸಿಕೊಂಡ ಒಬ್ಬನೇ ಕವಿ. ಎರಡಕ್ಕೂ ಅದೇ ಓಲೆಗರಿ, ಅದೇ ಕಬ್ಬಿಣದ ಕಂಠ. ಮೊದಲನೆಯದು ಇವತ್ತು ಅಚ್ಚಾಗಿ ನಮ್ಮ ಗ್ರಂಥಾಲಯಗಳಲ್ಲಿದೆ. ಎರಡನೆಯದರ ಹೆಸರು ಉಳಿದಿದೆ, ಕಾವ್ಯ ಸಿಕ್ಕಿಲ್ಲ.

ಇದಕ್ಕೆ ಒಂದು ಕಾರಣವಾದರೂ ಸಾಹಿತ್ಯ ಚರಿತ್ರೆ ಓದಿದ ಎಲ್ಲರಿಗೂ ಗೊತ್ತಿರುವಂಥದು. ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸೋದರರು ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಶಾಂತಿಪುರಾಣವನ್ನು ಬರೆಸಿದರು. ಆ ಮಲ್ಲಪನ ಮಗಳೇ ದಾನಚಿಂತಾಮಣಿ ಅತ್ತಿಮಬ್ಬೆ. ರನ್ನನಿಂದ 993ರಲ್ಲಿ ‘ಅಜಿತಪುರಾಣ’ ಬರೆಸಿದವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ತನ್ನ ತಂದೆಯ ಕಾಲದ ಆ ಕಾವ್ಯವನ್ನು ಅವಳು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಶಾಂತಿಪುರಾಣ ಉಳಿದದ್ದಕ್ಕೆ ಇದೊಂದೇ ಕಾರಣ ಎನ್ನಲಾರೆ. ಅದು ಜೈನಪುರಾಣವಾಗಿದ್ದರಿಂದ ಬಸದಿಗಳೂ ಭಂಡಾರಗಳೂ ಅದನ್ನು ಕಾಪಾಡಿದವು. ಆದರೆ ಕಾಪಾಡುವುದಕ್ಕೆ ಅಲ್ಲಲ್ಲಿ ಒಂದೊಂದು ಪ್ರತಿಯಾದರೂ ಇರಬೇಕಲ್ಲ. ರನ್ನನ ಕೃತಿಗಳಲ್ಲೂ ಇದೇ ಕಥೆ: ಗದಾಯುದ್ಧ, ಅಜಿತಪುರಾಣ ಇವೆ, ಪರಶುರಾಮಚರಿತ, ಚಕ್ರೇಶ್ವರಚರಿತ ಇಲ್ಲ. ಕವಿರಾಜಮಾರ್ಗ ಹೆಸರಿಸುವ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಗದ್ಯದ ಒಂದು ಪುಟವೂ ನಮಗೆ ಬಂದಿಲ್ಲ.

ಈ ಹಳೆಯ ಸಂಗತಿ ನನಗೆ ಹೊಸದಾಗಿ ಅರ್ಥವಾದದ್ದು ಒಂದು ಸಣ್ಣ ಖರೀದಿಯ ಪ್ರಶ್ನೆಯಿಂದ. ಪಿಎಚ್‌.ಡಿ.ಗಾಗಿ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿಯ ಸುತ್ತಲಿನ ಗೊಲ್ಲರಹಟ್ಟಿಗಳಲ್ಲಿ ಹಿರಿಯರ ಮಾತು, ಹಾಡುಗಳನ್ನು ದಾಖಲಿಸುತ್ತಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು 256 ಜಿಬಿ ಜಾಗ. ಅದು ತುಂಬಿತು. ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್ ಬೇಕಾಯಿತು. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಆದರೆ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುವ ನನ್ನಂಥ ಅನೇಕರಿಗೆ ಆ ಭಾಗ್ಯವಿಲ್ಲ. ಹಾಗಾಗಿ ಯಾವ ಡಿಸ್ಕು, ಎಷ್ಟು ದೊಡ್ಡದು, ಎಷ್ಟು ಹಣಕ್ಕೆ ಎಂಬುದು ನಮಗೆ ತಿಂಗಳುಗಟ್ಟಲೆ ತಲೆ ತಿನ್ನುವ ಪ್ರಶ್ನೆ. ಇದನ್ನು ಅಂಗಡಿಯ ಪ್ರಶ್ನೆ ಎಂದು ಬಿಟ್ಟುಬಿಡದೆ, ಇತಿಹಾಸದ ಪ್ರಶ್ನೆಯಾಗಿ ಕೇಳಿದರೆ ಉತ್ತರ ಸುಲಭವಾಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಊರಿನ ಬಗ್ಗೆ ಎರಡು ಮಾತು. ಬುಕ್ಕಾಪಟ್ಟಣ ಶಿರಾದಿಂದ ಹುಳಿಯಾರಿನ ಕಡೆಗೆ ಹೋಗುವ ದಾರಿಯಲ್ಲಿರುವ ಹೋಬಳಿ ಕೇಂದ್ರ. ಕುರುಚಲು ಕಾಡು, ಕಲ್ಲುಗುಡ್ಡ, ಕುರಿ ಮಂದೆ, ಮಳೆಗಾಗಿ ಕಾಯುವ ಹೊಲಗಳು. ಶಿರಾದ ಚರಿತ್ರೆಯನ್ನು ಬರೆಯುವವರಿಗೆ ಆಕರಗಳ ಕೊರತೆಯಿಲ್ಲ. 1651ರ ಮಲಿಕ್ ರಿಹಾನನ ಗೋರಿ ಇದೆ, 1696ರ ಜುಮ್ಮಾ ಮಸೀದಿ ಇದೆ, 1687ರಿಂದ ಮೊಘಲರ ಸುಬಾ ಆಗಿದ್ದರ ಕಾಗದಪತ್ರಗಳ ಉಲ್ಲೇಖಗಳಿವೆ, ಹೈದರಾಲಿಯ ಕಾಲದ ಬರಹಗಳಿವೆ. ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ, ತುಮಕೂರು ಜಿಲ್ಲೆಯ ಉಳಿದ ಶಾಸನಗಳ ಜೊತೆ ಕೊಟ್ಟಿದ್ದಾರೆ.

ಆದರೆ ಹಟ್ಟಿಯ ಚರಿತ್ರೆ ಕಲ್ಲಿನಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ಅವನ ಕಾವ್ಯವನ್ನು ಹಾಡುವವರು ಗಣೆ ಎಂಬ ಉದ್ದನೆಯ ಬಿದಿರಿನ ವಾದ್ಯವನ್ನು ಊದುತ್ತ, ನಿಲ್ಲಿಸುತ್ತ, ಹಾಡುತ್ತ, ಮತ್ತೆ ಊದುತ್ತ ಇಡೀ ರಾತ್ರಿ ಕಳೆಯುತ್ತಾರೆ. ಯಾವ ಬರಗಾಲದಲ್ಲಿ ದನಗಳನ್ನು ಯಾವ ಕಡೆ ಹೊಡೆದುಕೊಂಡು ಹೋದರು, ಯಾವ ಹಟ್ಟಿ ಯಾವುದರಿಂದ ಕವಲೊಡೆಯಿತು, ಯಾವ ಕೆರೆಯ ನೀರಿಗೆ ಯಾರೊಡನೆ ಜಗಳವಾಯಿತು, ಇವೆಲ್ಲ ಆ ಹಾಡುಗಳ ಸಂದಿಗಳಲ್ಲಿ, ಹಾಡಿನ ನಡುವೆ ಹಾಡುಗಾರ ಬಿಡಿಸಿ ಹೇಳುವ ಮಾತುಗಳಲ್ಲಿ ಇರುತ್ತವೆ. ಗಣೆ ಊದುವವರಲ್ಲಿ ನಾನು ಕಂಡ ಹೆಚ್ಚಿನವರು ಅರವತ್ತು ದಾಟಿದವರು. ಒಬ್ಬರು ಹೋದರೆ ಅವರ ಪಾಠವೂ ಹೋದಂತೆ.

ಜಾನಪದ ವಿದ್ವಾಂಸರು ಈ ಪ್ರದೇಶದ ಹಾಡುಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದ್ದಾರೆ. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಬಗ್ಗೆ ಮಾಡಿದ ಕೆಲಸ ನನ್ನಂಥವರಿಗೆ ದಾರಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರು ಅವರು ಆ ಪದಗಳನ್ನು ಸಂಗ್ರಹಿಸಿದ್ದರಿಂದ ನಾವು ಇವತ್ತು ಅವನ್ನು ಓದಬಹುದು. ಆದರೆ ಪುಸ್ತಕ ಹಿಡಿಯುವುದು ಪದವನ್ನು. ಗಣೆಯ ಉಸಿರನ್ನು, ಹಾಡುಗಾರ ಎಲ್ಲಿ ತಡೆದ, ಕೇಳುವವರು ಎಲ್ಲಿ ಸೊಲ್ಲು ಸೇರಿಸಿದರು ಎಂಬುದನ್ನು ಹಿಡಿಯಬೇಕಾದರೆ ಧ್ವನಿಯೇ ಬೇಕು. ಧ್ವನಿಗೆ ಜಾಗ ಬೇಕು.

ಎಷ್ಟು ಜಾಗ? ಇದನ್ನು ಲೆಕ್ಕ ಹಾಕದೆ ಅಂಗಡಿಗೆ ಹೋಗಬಾರದು. ಧ್ವನಿ ಸಂಗ್ರಹಾಲಯಗಳು ಒಪ್ಪಿಕೊಂಡಿರುವ ಕನಿಷ್ಠ ಗುಣಮಟ್ಟ ಸೆಕೆಂಡಿಗೆ 48,000 ಮಾದರಿ, ಪ್ರತಿ ಮಾದರಿಗೆ 24 ಬಿಟ್. ಎರಡು ಚಾನೆಲ್ಲಿಗೆ ಸೆಕೆಂಡಿಗೆ 2,88,000 ಬೈಟ್, ಅಂದರೆ ಗಂಟೆಗೆ ಸುಮಾರು 1 ಜಿಬಿ. ಮೊಬೈಲಿನಲ್ಲಿ ತೆಗೆದ ಸಾಧಾರಣ ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 8 ಜಿಬಿ. ಒಂದು ಫೋಟೊ 4ರಿಂದ 5 ಎಂಬಿ. ಇಡೀ ಸಂಶೋಧನೆಗೆ 120 ಗಂಟೆ ಧ್ವನಿ, 40 ಗಂಟೆ ವಿಡಿಯೊ, 6,000 ಫೋಟೊ ಎಂದು ಧಾರಾಳವಾಗಿ ಹಿಡಿದರೂ 475 ಜಿಬಿ ಆಸುಪಾಸು. 1 ಟಿಬಿಯ ಡಿಸ್ಕಿನಲ್ಲಿ ಅರ್ಧ ತುಂಬುತ್ತದೆ. ‘1 ಟಿಬಿ ಎಂದು ಕೊಂಡರೆ ಲ್ಯಾಪ್‌ಟಾಪು 931 ತೋರಿಸುತ್ತದೆ, ಮೋಸ’ ಎಂದು ಗೆಳೆಯರು ದೂರುವುದುಂಟು. ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಬೈಟುಗಳು ಅಷ್ಟೇ ಇರುತ್ತವೆ.

ಈ ಅರ್ಧ ತುಂಬುವ ಡಿಸ್ಕಿನ ಹಿಂದೆ ಒಂದು ಚರಿತ್ರೆ ಇದೆ. ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂ ಕಂಪನಿಯ ರಾಮಾಕ್ ಎಂಬ ಯಂತ್ರದ ಜೊತೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಎಂಬ ಎಂಜಿನಿಯರಿನ ತಂಡ ಅದನ್ನು ರೂಪಿಸಿತು. ಎರಡು ಅಡಿ ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಮೀರಿದ ತೂಕ. ಇಡೀ ವ್ಯವಸ್ಥೆಯನ್ನು ತಿಂಗಳಿಗೆ 3,200 ಡಾಲರ್ ಬಾಡಿಗೆಗೆ ಕೊಡುತ್ತಿದ್ದರು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಇಂದಿನ ಲೆಕ್ಕದಲ್ಲಿ 4 ಎಂಬಿಗಿಂತ ಕಡಿಮೆ. ಮೇಲೆ ಹೇಳಿದ ಗುಣಮಟ್ಟದಲ್ಲಿ ಧ್ವನಿ ತುಂಬಿದರೆ ಹದಿಮೂರು ಸೆಕೆಂಡ್. ಗಣೆಯವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು.

1980ರಲ್ಲಿ ಸೀಗೇಟ್ ಕಂಪನಿ ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ಹಿಡಿಸುವ 5 ಎಂಬಿಯ ಡಿಸ್ಕನ್ನು 1,500 ಡಾಲರಿಗೆ ತಂದಿತು. ಎಂಬಿಗೆ 300 ಡಾಲರ್. 1988ರಲ್ಲಿ ಎರಡು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರ ತಂಡಗಳು ದೈತ್ಯ ಕಾಂತರೋಧ ಎಂಬ ಗುಣವನ್ನು ಕಂಡುಹಿಡಿದವು: ಅತಿ ತೆಳುವಾದ ಲೋಹದ ಪದರಗಳ ವಿದ್ಯುತ್ ರೋಧ ಸಣ್ಣ ಕಾಂತಕ್ಷೇತ್ರಕ್ಕೂ ಬಹಳ ಬದಲಾಗುತ್ತದೆ. ಡಿಸ್ಕಿನ ಮೇಲಿನ ತೀರಾ ಸಣ್ಣ ಗುರುತನ್ನೂ ಓದಬಲ್ಲ ಸೂಜಿಮೊನೆ ಇದರಿಂದ ಸಿಕ್ಕಿತು. 1997ರಿಂದ ಅದು ಮಾರುಕಟ್ಟೆಯ ಡಿಸ್ಕುಗಳೊಳಗೆ ಬಂತು, 2007ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಅದೇ 2007ರಲ್ಲಿ ಹಿಟಾಚಿ ಕಂಪನಿ ಮೊದಲ 1 ಟಿಬಿ ಡಿಸ್ಕನ್ನು 399 ಡಾಲರಿಗೆ ಮಾರಿತು. ನಾನು ವಿಚಾರಿಸಿದಾಗ ಅಷ್ಟೇ ಜಾಗ ಅಂಗೈಯಗಲದ ಪೆಟ್ಟಿಗೆಯಲ್ಲಿ ಐದಾರು ಸಾವಿರ ರೂಪಾಯಿಗೆ ಸಿಗುತ್ತಿತ್ತು.

ಬೆಲೆ ಇಳಿಯುತ್ತಲೇ ಹೋಗುತ್ತದೆ ಎಂದೇನೂ ಇಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಡಿಸ್ಕು ತಯಾರಿಸುವ ಕಾರ್ಖಾನೆಗಳು ಮುಳುಗಿದಾಗ ಜಗತ್ತಿನಾದ್ಯಂತ ಬೆಲೆ ಏರಿತು. ಆಮೇಲೆ ಕಂಪನಿಗಳು ಒಂದನ್ನೊಂದು ಕೊಂಡುಕೊಂಡು, ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಮೂವರೇ ಉಳಿದಿದ್ದಾರೆ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಅಂಗಡಿಯಲ್ಲಿ ಬೇರೆ ಹೆಸರಿನ ಹಾರ್ಡ್ ಡಿಸ್ಕ್ ಕಂಡರೆ ಒಳಗಿರುವುದು ಈ ಮೂರರಲ್ಲಿ ಒಂದೇ. ಹಾಗಾಗಿ ‘ಯಾವ ಕಂಪನಿ ಒಳ್ಳೆಯದು’ ಎಂಬ ಪ್ರಶ್ನೆಗೆ ನಾವು ಕೊಡುವಷ್ಟು ತೂಕ ಬೇಕಿಲ್ಲ.

ತೂಕ ಕೊಡಬೇಕಾದ ಪ್ರಶ್ನೆಗಳು ಬೇರೆ ಇವೆ. ಮೊದಲನೆಯದು ಗಾತ್ರ. ಹೊರಡಿಸ್ಕುಗಳಲ್ಲಿ ಎರಡು ಜಾತಿ. ಮೂರೂವರೆ ಇಂಚಿನದಕ್ಕೆ ಬೇರೆ ಅಡಾಪ್ಟರು, ಗೋಡೆಯ ಪ್ಲಗ್ಗು ಬೇಕು. ಎರಡೂವರೆ ಇಂಚಿನದು ಲ್ಯಾಪ್‌ಟಾಪಿನ ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ತೆಗೆದುಕೊಳ್ಳುತ್ತದೆ. ಕರೆಂಟು ಯಾವಾಗ ಹೋಗುತ್ತದೆ ಎಂದು ಗೊತ್ತಿಲ್ಲದ ಊರಿನಲ್ಲಿ ಕೆಲಸ ಮಾಡುವವರಿಗೆ ಎರಡನೆಯದೇ ಸರಿ.

ಎರಡನೆಯದು, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕೋ, ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಯೋ? ಎಸ್‌ಎಸ್‌ಡಿ ವೇಗದ್ದು, ಕೈಜಾರಿ ಬಿದ್ದರೂ ಬದುಕುವ ಸಂಭವ ಹೆಚ್ಚು. ಆದರೆ ಅಷ್ಟೇ ಜಾಗಕ್ಕೆ ಬೆಲೆ ಹೆಚ್ಚು. ಅಲ್ಲದೆ ಅದು ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ವಿದ್ಯುತ್ ತೋರಿಸದೆ ಬೀರುವಿನಲ್ಲಿಟ್ಟರೆ ಆವೇಶ ಸೋರಬಹುದು. ದಿನನಿತ್ಯದ ಕೆಲಸಕ್ಕೆ ಎಸ್‌ಎಸ್‌ಡಿ, ಇಟ್ಟು ಕಾಯುವುದಕ್ಕೆ ಹಾರ್ಡ್ ಡಿಸ್ಕ್ ಎಂಬುದು ಕೈಗೆಟುಕುವ ವಿಂಗಡಣೆ. ಹಾರ್ಡ್ ಡಿಸ್ಕಿನ ಶತ್ರು ಬೀಳುವುದು. ತಟ್ಟೆಗೂ ಓದುವ ಮೊನೆಗೂ ನಡುವೆ ಇರುವುದು ಕೆಲವೇ ನ್ಯಾನೋಮೀಟರ್ ಅಂತರ. ಒಂದು ತಲೆಗೂದಲ ದಪ್ಪ ಎಪ್ಪತ್ತು ಎಂಬತ್ತು ಸಾವಿರ ನ್ಯಾನೋಮೀಟರ್. ತಿರುಗುತ್ತಿರುವಾಗ ಅದನ್ನು ಅಲುಗಿಸಬಾರದು ಎನ್ನುವುದು ಇದಕ್ಕೇ. ಶಾಖವೂ ಅದಕ್ಕಾಗದು. ಹಲವು ಡಿಸ್ಕುಗಳ ಪೊಟ್ಟಣದ ಮೇಲೆ ಕೆಲಸದ ಮಿತಿ 35 ಡಿಗ್ರಿ ಎಂದಿರುತ್ತದೆ. ಶಿರಾದ ಏಪ್ರಿಲ್ ಮಧ್ಯಾಹ್ನ ಅದನ್ನು ದಾಟುತ್ತದೆ. ಹಟ್ಟಿಯಲ್ಲಿ ಮೆಮೊರಿ ಕಾರ್ಡಿನಲ್ಲಿಯೇ ದಾಖಲಿಸಿ, ರಾತ್ರಿ ತಂಪಾದ ಮೇಲೆ ಕೋಣೆಯಲ್ಲಿ ಡಿಸ್ಕಿಗೆ ನಕಲು ಮಾಡುವುದು ಒಳ್ಳೆಯದು.

ಮೂರನೆಯದು ವೇಗ. ತಂತಿ ಮತ್ತು ಲ್ಯಾಪ್‌ಟಾಪಿನ ಕಿಂಡಿ ಎರಡೂ ಯುಎಸ್‌ಬಿ 3 ಆಗಿದ್ದರೆ 475 ಜಿಬಿ ನಕಲಾಗಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ನಾಲ್ಕು ಗಂಟೆಯ ಹತ್ತಿರ. ಅಗ್ಗದ ಎರಡೂವರೆ ಇಂಚಿನ ಡಿಸ್ಕುಗಳಲ್ಲಿ ಬಹುಪಾಲು ಎಸ್‌ಎಂಆರ್ ಎಂಬ ತಂತ್ರದವು. ಹೆಂಚು ಹೊದಿಸಿದಂತೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಚಾಚಿ ಬರೆಯುವ ಕ್ರಮ ಅದು. ನಡುವಿನ ಹೆಂಚು ಬದಲಿಸಬೇಕಾದರೆ ಮೇಲಿನವನ್ನೆಲ್ಲ ತೆಗೆಯಬೇಕಲ್ಲ, ಹಾಗೆ ಅಳಿಸಿ ಅಳಿಸಿ ಬರೆಯುವವರಿಗೆ ಇದು ನಿಧಾನ. ಒಮ್ಮೆ ಬರೆದು ಇಡುವ ನಮಗೆ ಅಡ್ಡಿಯಿಲ್ಲ. ಹೆಚ್ಚು ಹಣ ಕೊಟ್ಟು ಬೇರೆಯದನ್ನು ಹುಡುಕುವ ಅಗತ್ಯ ಕಾಣುವುದಿಲ್ಲ.

ನಾಲ್ಕನೆಯದು ಎಚ್ಚರ. ಆನ್‌ಲೈನ್ ಅಂಗಡಿಗಳಲ್ಲಿ ‘16 ಟಿಬಿ’ ಎಂದು ಸಾವಿರ ಎರಡು ಸಾವಿರಕ್ಕೆ ಮಾರುವ ಪೆಟ್ಟಿಗೆಗಳು ಕಾಣುತ್ತವೆ. ಒಳಗಿರುವುದು ಒಂದು ಸಣ್ಣ ಮೆಮೊರಿ ಕಾರ್ಡು ಮತ್ತು ಸುಳ್ಳು ಹೇಳಲು ಕಲಿಸಿದ ಒಂದು ಚಿಪ್ಪು. ಅದು ತುಂಬುವವರೆಗೆ ಎಲ್ಲ ಸರಿಯಿರುತ್ತದೆ, ಆಮೇಲೆ ಬರೆದದ್ದೆಲ್ಲ ಮಾಯ. ಹೊಸ ಡಿಸ್ಕನ್ನು ಕೊಂಡ ಕೂಡಲೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬುದು ಡಿಸ್ಕಿನ ಆರೋಗ್ಯ ತಿಳಿಸುತ್ತದೆ. ವಾರಂಟಿಯ ಬಗ್ಗೆ ಒಂದು ಮಾತು ನೆನಪಿಡಬೇಕು: ಮೂರು ವರ್ಷದ ವಾರಂಟಿ ಎಂದರೆ ಕೆಟ್ಟ ಡಿಸ್ಕಿಗೆ ಬದಲಾಗಿ ಇನ್ನೊಂದು ಡಿಸ್ಕು ಕೊಡುತ್ತಾರೆ. ಒಳಗಿದ್ದ ಹಾಡನ್ನು ಯಾರೂ ಕೊಡುವುದಿಲ್ಲ. ನನ್ನ ಸಹಸಂಶೋಧಕರೊಬ್ಬರ ಡಿಸ್ಕು ಬಸ್ಸಿನ ಸೀಟಿನಿಂದ ಜಾರಿಬಿತ್ತು. ಮಾಹಿತಿ ಹೊರತೆಗೆದು ಕೊಡುವವರು ಕೇಳಿದ್ದು ಡಿಸ್ಕಿನ ಬೆಲೆಯ ಹಲವು ಪಟ್ಟು, ಅದೂ ಭರವಸೆಯಿಲ್ಲದೆ. ಅವರ ಎರಡು ವರ್ಷದ ಕ್ಷೇತ್ರಕಾರ್ಯ ಅದೊಂದರಲ್ಲೇ ಇತ್ತು.

ಇಲ್ಲಿಗೆ ಮುಖ್ಯ ಪ್ರಶ್ನೆಗೆ ಬಂದೆವು. ಕೈಯಲ್ಲಿ ಹನ್ನೊಂದು ಸಾವಿರವಿದೆ ಎಂದುಕೊಳ್ಳಿ. ನಾನು ವಿಚಾರಿಸಿದಾಗ ಆ ಹಣಕ್ಕೆ ಒಂದು 4 ಟಿಬಿ ಡಿಸ್ಕು ಸಿಗುತ್ತಿತ್ತು, ಇಲ್ಲವೇ ಎರಡು 1 ಟಿಬಿ ಡಿಸ್ಕು. ಜಾಗದ ಲೆಕ್ಕದಲ್ಲಿ ಮೊದಲನೆಯದು ಎರಡು ಪಟ್ಟು ಲಾಭ. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಅತ್ತಿಮಬ್ಬೆಯನ್ನು ಕೇಳಿದರೆ?

ಲಕ್ಷಾಂತರ ಡಿಸ್ಕುಗಳನ್ನು ನಡೆಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನ ಡಿಸ್ಕುಗಳು ಕೆಡುವ ಪ್ರಮಾಣವನ್ನು ಪ್ರಕಟಿಸುತ್ತದೆ. 2023ರಲ್ಲಿ ಅದು ವರ್ಷಕ್ಕೆ ನೂರಕ್ಕೆ 1.70. ಅವು ಹವಾನಿಯಂತ್ರಿತ ಕೋಣೆಯಲ್ಲಿ ಅಲುಗದೆ ಕೂತ ದೊಡ್ಡ ಡಿಸ್ಕುಗಳು, ನಮ್ಮ ಚೀಲದಲ್ಲಿ ಓಡಾಡುವವಲ್ಲ. ಲೆಕ್ಕಕ್ಕಾಗಿ ನೂರಕ್ಕೆ 2 ಎಂದು ಹಿಡಿಯೋಣ. ಒಂದೇ ಡಿಸ್ಕಿದ್ದರೆ ವರ್ಷದಲ್ಲಿ ಎಲ್ಲ ಕಳೆದುಕೊಳ್ಳುವ ಸಂಭವ ನೂರಕ್ಕೆ 2. ಒಂದರ ಕೇಡು ಇನ್ನೊಂದಕ್ಕೆ ತಗಲದಂತೆ ಎರಡು ಡಿಸ್ಕಿದ್ದರೆ, ಎರಡೂ ಕೆಡುವ ಸಂಭವ ಹತ್ತು ಸಾವಿರಕ್ಕೆ 4. ಒಂದು ಕೆಟ್ಟ ಕೂಡಲೇ ಬದಲಿ ತಂದರೆ ಇನ್ನೂ ಕಡಿಮೆ. ಎಷ್ಟು ದುಬಾರಿಯ ಒಂಟಿ ಡಿಸ್ಕು ಕೊಂಡರೂ ಈ ಅಂತರವನ್ನು ಕೊಳ್ಳಲಾಗದು. ಎರಡನ್ನೂ ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತರುವ ಬದಲು ಬೇರೆ ಬೇರೆ ಕಂಪನಿಯವು, ಬೇರೆ ತಿಂಗಳಿನಲ್ಲಿ ತಂದರೆ ಒಂದೇ ದೋಷ ಎರಡರಲ್ಲೂ ಇರುವ ಭಯ ತಗ್ಗುತ್ತದೆ. ತಿಂಗಳಿಗೊಂದು ಕೊಳ್ಳುವುದು ನಮ್ಮ ಕಿಸೆಗೂ ಹಿತ.

ಇದಕ್ಕೆ ಒಂದು ಆಕ್ಷೇಪ ಇತಿಹಾಸದಿಂದಲೇ ಬರಬಹುದು. ಒಂದೇ ಕಡೆ ಸಿಕ್ಕ ಪ್ರತಿಯಿಂದ ಬೆಳಕಿಗೆ ಬಂದ ಗ್ರಂಥಗಳಿಲ್ಲವೇ? ಇವೆ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟ ಹಸ್ತಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಧವಲಾ, ಜಯಧವಲಾ ಟೀಕೆಗಳು ಹಳಗನ್ನಡ ಲಿಪಿಯ ಓಲೆಗಳಲ್ಲಿ ಮೂಡುಬಿದಿರೆಯ ಭಂಡಾರದಲ್ಲಿ ಶತಮಾನಗಳ ಕಾಲ ಕೂತಿದ್ದವು. ನಕಲು ಮಾಡಿಸಿಕೊಂಡ ಮೇಲೆ 1939ರಿಂದ ಅವು ಅಚ್ಚಾಗತೊಡಗಿದವು. ಆದರೆ ನಮಗೆ ಕಾಣುವುದು ಬದುಕಿದ ಒಂಟಿ ಪ್ರತಿಗಳು ಮಾತ್ರ. ಅವುಗಳ ಪಕ್ಕದಲ್ಲಿ ಗೆದ್ದಲು ತಿಂದು ಹೋದ ಒಂಟಿ ಪ್ರತಿಗಳಿಗೆ ಹೆಸರೂ ಇಲ್ಲ. ಬದುಕಿದ ಅದೃಷ್ಟವನ್ನು ಪದ್ಧತಿ ಎಂದುಕೊಳ್ಳಬಾರದು.

ಗಟ್ಟಿ ವಸ್ತು ಸಾಕಲ್ಲವೇ ಎನ್ನುವವರಿಗೆ ಶಾಸನಗಳನ್ನು ತೋರಿಸಬಹುದು. ಕಲ್ಲಿಗಿಂತ ಗಟ್ಟಿ ಏನಿದೆ? ಆದರೂ ರೈಸ್ ಅವರ ಕಾಲದಲ್ಲಿ ಇದ್ದು ಈಗ ಸಿಗದ ಕಲ್ಲುಗಳು ಕರ್ನಾಟಕದ ಎಲ್ಲ ಕಡೆ ಇವೆ. ರಸ್ತೆಗೆ ಹೋದವು, ಕೆರೆ ಏರಿಗೆ ಹೋದವು, ಮನೆಯ ಪಾಯಕ್ಕೆ ಹೋದವು. ಅವು ಇವತ್ತು ಓದಲು ಸಿಗುತ್ತಿದ್ದರೆ ಅದು ಸುಲಭವಾಗಿ ಹರಿಯುವ ಕಾಗದದ ಮೇಲೆ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ತೆಗೆದ ಪಡಿಯಚ್ಚಿನಿಂದ ಓದಿ, ಅಚ್ಚು ಹಾಕಿಸಿ ಹತ್ತಾರು ಗ್ರಂಥಾಲಯಗಳಿಗೆ ಕಳಿಸಿದ್ದರಿಂದ. 1972ರಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಆ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ತಂದಿತು. ಈಗ ಅವುಗಳ ಸ್ಕ್ಯಾನ್ ಪ್ರತಿಗಳು ಅಂತರಜಾಲದಲ್ಲಿವೆ. ಕಲ್ಲು ಒಂಟಿಯಾಗಿತ್ತು, ಹೋಯಿತು. ಕಾಗದ ಹಲವಾಯಿತು, ಉಳಿಯಿತು.

ಚಿತ್ರಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ‘3-2-1’ ಸೂತ್ರ ಹೇಳುವುದೂ ಇದನ್ನೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ನನ್ನ ಮಟ್ಟಿಗೆ ಒಂದು ಡಿಸ್ಕು ವಿಶ್ವವಿದ್ಯಾಲಯದ ಹಾಸ್ಟೆಲಿನ ಕೋಣೆಯಲ್ಲಿ, ಇನ್ನೊಂದು ಮನೆಯಲ್ಲಿ. ಎರಡೂ ಒಂದೇ ಬೀರುವಿನಲ್ಲಿದ್ದರೆ ಒಂದು ಕಳ್ಳತನ, ಒಂದು ಸೋರುವ ಸೂರು ಸಾಕು. ಎರಡನೆಯ ಡಿಸ್ಕನ್ನು ನಕಲು ಮಾಡುವಾಗ ಮಾತ್ರ ಜೋಡಿಸುವುದು, ಮುಗಿದ ಕೂಡಲೇ ಬಿಚ್ಚುವುದು. ಸದಾ ಅಂಟಿಕೊಂಡಿರುವ ಪ್ರತಿ ಲ್ಯಾಪ್‌ಟಾಪಿನ ಕಾಯಿಲೆಯನ್ನೂ ಅಂಟಿಸಿಕೊಳ್ಳುತ್ತದೆ. ತಾನಾಗಿ ಸರಿಹೊಂದಿಸಿಕೊಳ್ಳುವ ಪ್ರತಿ ನಾವು ಕೈತಪ್ಪಿ ಅಳಿಸಿದ್ದನ್ನೂ ನಿಷ್ಠೆಯಿಂದ ಅಳಿಸುತ್ತದೆ. ಎರಡೂ ಡಿಸ್ಕಿಗೆ ಹೋದದ್ದು ಖಾತ್ರಿಯಾಗುವವರೆಗೆ ಮೆಮೊರಿ ಕಾರ್ಡನ್ನು ಅಳಿಸುವುದಿಲ್ಲ.

ಮೂರನೆಯ ಪ್ರತಿ ಎಲ್ಲಿಗೆ? ಅದು ಹಟ್ಟಿಗೇ ಹೋಗಬೇಕು ಎಂಬುದಕ್ಕೆ ನನ್ನ ಆಧಾರ ಒಂದು ಹಳೆಯ ದಾಖಲೆಯ ಕಥೆ. ಡಚ್ ಸಂಗೀತ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸುತ್ತಿ ಹಾಡು, ಕುಣಿತಗಳನ್ನು ದಾಖಲಿಸಿದ. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ದಾಖಲೆಗಳ ನಕಲು ಹಿಡಿದುಕೊಂಡು ಕರ್ನಾಟಕ, ಕೇರಳ, ತಮಿಳುನಾಡುಗಳಿಗೆ ಬಂದು ಅದೇ ದಾರಿಯಲ್ಲಿ ಮತ್ತೆ ನಡೆದರು. ಹಾಡಿದವರನ್ನು, ಅವರ ಮಕ್ಕಳನ್ನು ಹುಡುಕಿ ಕೇಳಿಸಿದರು. ಯಾವುದು ಬದಲಾಗಿದೆ, ಯಾವುದು ನಿಂತಿದೆ ಎಂದು ಹೇಳಿದವರು ಆ ಊರಿನವರೇ. ಹಟ್ಟಿಯಿಂದ ತೆಗೆದುಕೊಂಡು ಹೋದ ಧ್ವನಿ ಹಟ್ಟಿಗೆ ಮರಳಿದಾಗಲೇ ಅದರ ಮೇಲೆ ತಿದ್ದುಪಡಿ, ತಕರಾರು, ಜ್ಞಾಪಕ ಎಲ್ಲ ಹುಟ್ಟುತ್ತವೆ. ಹಾಗಾಗಿ ಪ್ರತಿಯೊಬ್ಬ ಹಾಡುಗಾರರ ಮನೆಗೆ ಅವರ ಹಾಡುಗಳನ್ನು ಒಂದು ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಡುತ್ತೇನೆ. ಮೊಮ್ಮಕ್ಕಳ ಫೋನಿನಲ್ಲಿ ನುಡಿಯುವಂತೆ ಎಂಪಿ3 ಮಾಡಿದರೆ ಗಂಟೆಗೆ 60 ಎಂಬಿ ಸಾಕು. ಆ ಫೋನಿನಿಂದ ಈ ಫೋನಿಗೆ ಹೋಗಿ ಅದು ಎಷ್ಟು ಪ್ರತಿಯಾಗುತ್ತದೋ ನಾನು ಎಣಿಸಲಾರೆ. ಹಾಡುವವರು ಒಪ್ಪಿದ ಭಾಗಗಳನ್ನು ಸಂಸ್ಥೆಗಳಿಗೂ ಕೊಡಬಹುದು. ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ನಮ್ಮಲ್ಲಿವೆ.

ದಾಖಲೆ ಒಂದು ನೆಲದ ಹಣೆಬರಹವನ್ನು ಬದಲಿಸಬಲ್ಲದು ಎಂಬುದಕ್ಕೆ ಬುಕ್ಕಾಪಟ್ಟಣದಲ್ಲೇ ಸಾಕ್ಷಿಯಿದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಈ ಕುರುಚಲು ಕಾಡಿನಲ್ಲಿ ಇಟ್ಟ ಕ್ಯಾಮರಾಗಳಲ್ಲಿ ಚಿಂಕಾರ ಎಂಬ ಹುಲ್ಲೆಯ ಚಿತ್ರ ಸಿಕ್ಕಿತು. 2019ರಲ್ಲಿ ಇಲ್ಲಿನ ಸುಮಾರು 136 ಚದರ ಕಿಲೋಮೀಟರ್ ಪ್ರದೇಶ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವಾಯಿತು. ಅಲ್ಲಿ ಹುಲ್ಲೆ ಇದೆ ಎಂದು ಕುರಿ ಕಾಯುವವರು ಬಾಯಲ್ಲಿ ಹೇಳಿದ್ದರೆ ಕಡತ ಮುಂದೆ ಹೋಗುತ್ತಿತ್ತೇ? ಅದೇ ಕಾಡಿನ ಅಂಚಿನಲ್ಲಿ ಯಾರ ದನ ಎಷ್ಟು ತಲೆಮಾರಿನಿಂದ ಮೇಯುತ್ತಿದೆ ಎಂಬುದು ಹಟ್ಟಿಯ ಹಾಡುಗಳಲ್ಲಿದೆ. ಆ ಹಾಡುಗಳಿಗೂ ಕಡತದಲ್ಲಿ ಒಂದು ಜಾಗ ಬೇಕು.

ಕೊನೆಗೆ ಒಂದು ಮಾತು. ಹಾರ್ಡ್ ಡಿಸ್ಕಿನ ಆಯುಷ್ಯ ಓಲೆಗರಿಯ ಮುಂದೆ ಏನೇನೂ ಅಲ್ಲ. ಚೆನ್ನಾಗಿ ಎಣ್ಣೆ ಸವರಿ ಕಟ್ಟಿಟ್ಟ ಗರಿ ಕೆಲವು ನೂರು ವರ್ಷ ಬಾಳುತ್ತದೆ. ಡಿಸ್ಕನ್ನು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಆದರೆ ಗರಿಯನ್ನೂ ಯಾರೋ ಕುಳಿತು ಮತ್ತೆ ಮತ್ತೆ ನಕಲು ಮಾಡಿದ್ದರಿಂದಲೇ ಪಂಪ, ಪೊನ್ನ, ರನ್ನರು ನಮ್ಮವರೆಗೆ ಬಂದರು. ಆ ಲಿಪಿಕಾರ ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸ ನಮಗೆ ಒಂದು ಗಂಟೆಯದು. ಆದ್ದರಿಂದ ನನ್ನಂತೆ ಹಣದ ಲೆಕ್ಕ ಹಾಕುತ್ತಿರುವ ಸಂಶೋಧಕ ಗೆಳೆಯರಿಗೆ ಹೇಳುವುದಿಷ್ಟು: ದೊಡ್ಡದನ್ನು ಒಂದು ಕೊಳ್ಳಬೇಡಿ, ಸಾಧಾರಣವಾದವನ್ನು ಎರಡು ಕೊಳ್ಳಿ. ಪ್ರತಿ ಕಡತದ ಹೆಸರಿನಲ್ಲಿ ದಿನಾಂಕ, ಊರು, ಹಾಡಿದವರು ಯಾರು ಎಂಬುದನ್ನು ಬರೆಯಿರಿ. ಹೆಸರಿಲ್ಲದ ಧ್ವನಿ ಹತ್ತು ವರ್ಷದ ಮೇಲೆ ನಿಮಗೇ ಗೊತ್ತಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಎರಡನ್ನೂ ತೆರೆದು ಕೇಳಿ. ಮೂರನೆಯ ಪ್ರತಿಯನ್ನು ಹಾಡಿದವರಿಗೆ ಕೊಡಿ. ಉಳಿದ 998 ಅವರು ನೋಡಿಕೊಳ್ಳುತ್ತಾರೆ ಎಂದಲ್ಲ, ಆದರೆ ಎಣಿಕೆ ಎರಡರ ಮೇಲೆ ಹೋಗುವುದು ಅಲ್ಲಿಂದಲೇ.